ಬೀದಿಗೆ ಬಂದ ಒಂದೇ ನಲ್ಲಿ

ನಮ್ಮವರು ಶಿವಮೊಗ್ಗದ ಮುನಿಸಿಪಾಲಿಟಿಗೆ ಮೆಂಬರಾಗಿ ಗೆದ್ದ ದಿನ ನಾನು ಹಿತ್ತಲಲ್ಲಿ ಹಪ್ಪಳ ಒಣಗಿಸುತ್ತಿದ್ದೆ. ಬೀದಿಯಲ್ಲಿ ಓಲಗದ ಸದ್ದಾಯಿತು. ಯಾರದೋ ಮನೆಯ ದಿಬ್ಬಣವಿರಬೇಕೆಂದು ಬಾಗಿಲಿಗೆ ಬಂದರೆ, ದಿಬ್ಬಣ ನಮ್ಮ ಜಗಲಿಯ ಮುಂದೆಯೇ ನಿಂತಿತ್ತು. ನಡುವೆ ಹಾರ ಹಾಕಿಕೊಂಡು, ಪೇಟ ಓರೆಯಾಗಿ, ನಾಚಿ ನಗುತ್ತಿದ್ದವರು ನನ್ನ ಗಂಡ.

"ಗೆದ್ದುಬಿಟ್ಟೆ ಕಣೇ," ಎಂದರು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

"ಇಷ್ಟು ಜನಕ್ಕೆ ಕಾಫಿ ಯಾರು ಮಾಡ್ತಾರೆ?" ಎಂದೆ. ಮೆಂಬರ ಹೆಂಡತಿಯಾಗಿ ನಾನಾಡಿದ ಮೊದಲ ಮಾತು ಅದು.

ಅವರು ವಕೀಲರು. ಊಟ ಮುಗಿಸಿ ಕೋರ್ಟಿಗೆ ಹೋದರೆ ಸಂಜೆಗೇ ಬರುವುದು. ಬೀದಿಯ ಜನಕ್ಕೆ ಮೆಂಬರು ಬೇಕಾಗುತ್ತಿದ್ದದ್ದು ಸರಿಯಾಗಿ ಆ ನಡುವಿನ ಹೊತ್ತಿನಲ್ಲಿ. ನಾನು ಒಲೆಯ ಮೇಲೆ ಸಾರಿಟ್ಟು ಜಗಲಿಗೆ, ಜಗಲಿಯಿಂದ ಒಲೆಗೆ ಓಡಾಡಿದೆ. ಮೋರಿ ಕಟ್ಟಿಕೊಂಡಿದೆ ಎಂದು ಒಬ್ಬರು ಬಂದರೆ, ಎದುರುಮನೆಯ ಸೂರಿನ ನೀರು ತಮ್ಮ ಗೋಡೆಗೆ ಬೀಳುತ್ತದೆ ಎಂದು ಇನ್ನೊಬ್ಬರು. ಪಕ್ಕದ ಮನೆಯ ಹುಂಜ ಹೊತ್ತಿಗೆ ಮುಂಚೆ ಕೂಗುತ್ತದೆ, ಮುನಿಸಿಪಾಲಿಟಿಯಿಂದ ಅದಕ್ಕೊಂದು ನೋಟಿಸು ಕೊಡಿಸಬೇಕು ಎಂದು ಒಬ್ಬ ಮುದುಕರು ವಾರದಲ್ಲಿ ಮೂರು ಸಲ ಬರುತ್ತಿದ್ದರು. ಅವರು ನಗೆಯಾಡುತ್ತಿರಲಿಲ್ಲ. ಅರ್ಜಿಯನ್ನೂ ಬರೆದು ತಂದಿದ್ದರು.

ಜನರ ಕಾಟವನ್ನು ಹೇಗೋ ತಡೆದುಕೊಳ್ಳಬಹುದಿತ್ತು. ನನಗೆ ತಲೆ ಕೆಡುತ್ತಿದ್ದದ್ದು ನಮ್ಮವರ ಸ್ವಭಾವದಿಂದ. ಕೋರ್ಟಿನಲ್ಲಿ ಎದುರು ವಕೀಲನ ಬೆವರಿಳಿಸುವ ಮನುಷ್ಯ ಮನೆಯ ಜಗಲಿಯಲ್ಲಿ ಒಬ್ಬರಿಗೂ 'ಇಲ್ಲ' ಎನ್ನಲಾರರು. ಸಂಜೆ ಬಂದವರ ಮಾತೆಲ್ಲ ಕೇಳಿ, ತಲೆಯಾಡಿಸಿ, "ನೋಡೋಣ, ಮಾಡೋಣ" ಎಂದು ಕಳಿಸುವರು. ನೋಡೋಣ ಎಂದರೆ ಆಗುವುದಿಲ್ಲ ಎಂದೇ ಅರ್ಥ ಎಂದು ಅವರ ಎಣಿಕೆ. ಬಂದವರು ಅದನ್ನು ಆಯಿತೆಂದೇ ತಿಳಿದು ಸಂತೋಷದಿಂದ ಹೋಗುತ್ತಿದ್ದರು. ಮಾರನೆಯ ದಿನ ಮಧ್ಯಾಹ್ನ ಅವರೇ ಬಂದು, "ಯಾವಾಗ ಆಗತ್ತಂತೆ?" ಎಂದು ಕೇಳುತ್ತಿದ್ದದ್ದು ನನ್ನನ್ನು.

ಇಂಥವರು ನಮ್ಮ ಬೀದಿಗೆ ಒಂದು ನಲ್ಲಿ ಮಂಜೂರು ಮಾಡಿಸಿಕೊಂಡು ಬಂದರು.

ಆಗ ಊರಿನ ಕೆಲವು ಬೀದಿಗಳಿಗೆ ಮಾತ್ರ ನಲ್ಲಿಯ ನೀರು ಬಂದಿತ್ತು. ನಮ್ಮ ಬೀದಿಯಲ್ಲಿ ಅನುಕೂಲಸ್ಥರ ಹಿತ್ತಲಲ್ಲಿ ಬಾವಿಗಳಿದ್ದವು. ಬೇಸಿಗೆಯ ಕೊನೆಗೆ ಅವುಗಳಲ್ಲಿ ಅರ್ಧದಷ್ಟು ಬಗ್ಗಡವಾಗುತ್ತಿದ್ದವು. ಬಾವಿಯಿಲ್ಲದವರು ತುಂಗೆಗೆ ಹೋಗಬೇಕು. ಒಂದು ನಲ್ಲಿ, ಒಂದೇ ಒಂದು, ಬೀದಿಗೆಲ್ಲ. ಅದು ಎಲ್ಲಿ ಎಂಬುದನ್ನು ಮೆಂಬರು ತೋರಿಸಬೇಕು.

ಮೊದಲು ಬಂದವರು ಮೇಲಿನ ತುದಿಯ ಜವಳಿ ಅಂಗಡಿಯವರು. ತಮ್ಮ ಮನೆಯ ಮುಂದೆ ಜಾಗ ವಿಶಾಲವಾಗಿದೆ ಎಂದರು. ನಮ್ಮವರು ನೋಡೋಣ ಎಂದರು. ಆಮೇಲೆ ಅಡಿಕೆ ಮಂಡಿಯವರು ಬಂದರು. ಅವರ ಮಂಡಿಗೆ ಹಳ್ಳಿಗಳಿಂದ ಗಾಡಿಗಳು ಬರುತ್ತವೆ, ಎತ್ತುಗಳಿಗೆ ನೀರು ಕುಡಿಸಿದ ಪುಣ್ಯ ಬರುತ್ತದೆ ಎಂದರು. ಅವರಿಗೂ ನೋಡೋಣ. ರಿಟೈರಾದ ಶಿರಸ್ತೇದಾರರೊಬ್ಬರು ಕೋಲೂರಿಕೊಂಡು ಬಂದು, ಎಲ್ಲಿ ಬೇಕಾದರೂ ಹಾಕಿಸಿ, ನಮ್ಮ ಮನೆಯ ಮುಂದೆ ಮಾತ್ರ ಬೇಡ, ಹೆಂಗಸರ ಗಲಾಟೆಯಲ್ಲಿ ಪಾರಾಯಣ ಕೆಡುತ್ತದೆ ಎಂದರು. ಅವರ ಮನೆ ಇದ್ದದ್ದು ಜವಳಿಯವರಿಗೂ ಮಂಡಿಗೂ ನಡುವೆ. ಅವರಿಗೂ ಅದೇ ಉತ್ತರ.

ಇಷ್ಟಾದರೂ ಎಲ್ಲ ತಪ್ಪನ್ನು ಅವರ ತಲೆಗೇ ಕಟ್ಟಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ.

ನಮ್ಮ ಬಲಗಡೆಯ ಮನೆಯಲ್ಲಿ ನನ್ನ ಗೆಳತಿಯಿದ್ದಳು. ನಾನು ಮದುವೆಯಾಗಿ ಬಂದ ವರ್ಷವೇ ಅವಳೂ ಆ ಮನೆಗೆ ಬಂದವಳು. ನನ್ನ ಮೊದಲ ಹೆರಿಗೆಯಲ್ಲಿ ತವರಿನವರು ಬರುವುದು ತಡವಾದಾಗ ನನ್ನ ತಲೆ ಹಿಡಿದುಕೊಂಡು ಕೂತಿದ್ದವಳು ಅವಳೇ. ಅವಳ ಮೂರನೆಯ ಬಾಣಂತನದಲ್ಲಿ ಸೊಂಟ ಕೆಟ್ಟು, ಕೊಡ ಎತ್ತಿದರೆ ಕಣ್ಣಲ್ಲಿ ನೀರು ಬರುವಷ್ಟು ನೋವು. ಅವರ ಹಿತ್ತಲ ಬಾವಿ ಬಹಳ ಆಳ, ಹಗ್ಗ ಸೇದುವಾಗ ಅವಳು ಎರಡು ಸಲ ನಿಂತು ಉಸಿರೆಳೆದುಕೊಳ್ಳುತ್ತಿದ್ದದ್ದು ಬೇಲಿಯ ಈಚೆಯಿಂದ ನನಗೆ ಕಾಣುತ್ತಿತ್ತು.

"ಮಾರಾಯ್ತಿ, ನಿನ್ನ ಗಂಡನಿಗೆ ಹೇಳಿ ಆ ನಲ್ಲೀನ ನಮ್ಮನೆ ಬಾಗಿಲಿಗೆ ಹಾಕಿಸ್ತೀಯೇನೇ?" ಎಂದಳು ಒಂದು ದಿನ. ಎಂದೂ ಏನೂ ಕೇಳಿದವಳಲ್ಲ.

"ಹಾಕಿಸ್ತೀನಿ ಕಣೇ. ನಿನ್ನ ಬಾಗಿಲಿಗಲ್ಲದೆ ಇನ್ಯಾರ ಬಾಗಿಲಿಗೆ?" ಎಂದುಬಿಟ್ಟೆ. ಇದನ್ನು ನಮ್ಮವರಿಗೆ ಹೇಳಲು ಸರಿಯಾದ ಹೊತ್ತು ಕಾಯುತ್ತ ಹಾಗೇ ಉಳಿದೆ.

ಆ ಬೇಸಿಗೆ ಮಕ್ಕಳನ್ನು ಆಯನೂರಿನ ನನ್ನ ತವರಿಗೆ ಕಳಿಸಿದ್ದೆ. ಒಂದು ಬೆಳಿಗ್ಗೆ ಮುನಿಸಿಪಾಲಿಟಿಯ ಮೇಸ್ತ್ರಿ ಆಳುಗಳನ್ನೂ ಕಬ್ಬಿಣದ ಕೊಳಾಯಿಗಳನ್ನೂ ತಂದಿಳಿಸಿ ಎಲ್ಲಿ ಅಗೆಯಲಿ ಎಂದ. ಜವಳಿಯವರು ಕೈಹಿಡಿದು ಕರೆದುಕೊಂಡು ಹೋಗಿ ಜಾಗ ತೋರಿಸಿದರು. ಆಳುದ್ದ ಅಗೆಯುವಷ್ಟರಲ್ಲಿ ಮಂಡಿಯವರು ಬಂದು, ಮೆಂಬರು ತಮಗೆ ಮಾತು ಕೊಟ್ಟಿದ್ದಾರೆ ಎಂದು ಗದ್ದಲ ಮಾಡಿದರು. ಮೇಸ್ತ್ರಿ ಅಲ್ಲಿ ಬಿಟ್ಟು ಮಂಡಿಯ ಮುಂದೆ ಅಗೆಸಿದ. ನಡುವಿನಲ್ಲಿ ಶಿರಸ್ತೇದಾರರು ಕೋಲೂರಿ ನಿಂತು, ಕೊಳಾಯಿ ತಮ್ಮ ಮನೆಯ ಮುಂದಿನಿಂದ ಹಾದುಹೋಗುವುದೂ ಕೂಡದು ಎಂದರು. ಮಧ್ಯಾಹ್ನ ಗೆಳತಿಯ ಗಂಡ ಬಂದು, ನಮ್ಮ ಮನೆ ಮುಂದೆ ಅಂತ ಮೆಂಬರ ಮನೆಯವರೇ ಹೇಳಿದ್ದಾರಲ್ಲ ಎಂದರು. ಮೂರನೆಯ ಗುಂಡಿ ಅಲ್ಲಿ ಬಿತ್ತು. ಮೇಸ್ತ್ರಿ ಗುದ್ದಲಿ ಬಿಸಾಡಿ, "ಅಮ್ಮಾವ್ರೇ, ಯಜಮಾನ್ರು ಒಂದ್ ಕಡೆ ಬೊಟ್ಟು ಮಾಡಿ ತೋರಿಸೋತನಕ ನಾನು ಬರಲ್ಲ" ಎಂದು ಆಳುಗಳನ್ನು ಕರೆದುಕೊಂಡು ಹೊರಟುಹೋದ.

ಎರಡು ದಿನಕ್ಕೆ ಒಂದು ಅಡ್ಡಮಳೆ ಬಂದು ಮೂರು ಗುಂಡಿಗಳೂ ತುಂಬಿದವು. ಮಂಡಿಗೆ ಬಂದ ಗಾಡಿಯ ಎತ್ತೊಂದು ಕಾಲು ಜಾರಿ ಗುಂಡಿಗೆ ಬಿದ್ದು, ಅದನ್ನು ಮೇಲೆತ್ತಲು ಬೀದಿಯ ಗಂಡಸರೆಲ್ಲ ಸೇರಬೇಕಾಯಿತು. ಎತ್ತು ಬದುಕಿತು. ಗಾಡಿಯವನು ನಮ್ಮ ಜಗಲಿಯ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಬೈದ. ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಬೈಸಿಕೊಳ್ಳಬೇಕಾದವರು ಮನೆಯಲ್ಲಿರಲಿಲ್ಲ. ಹಿಂದಿನ ದಿನವೇ, "ಕೊಳಾಯಿ ವಿಷಯ ಸ್ವಲ್ಪ ವಿಚಾರಿಸಿಕೊಂಡು ಬರ್ತೀನಿ" ಎಂದು ಭದ್ರಾವತಿಗೆ ಹೊರಟುಹೋಗಿದ್ದರು. ಅಲ್ಲಿ ಅವರ ತಂಗಿಯ ಮನೆ. ಅವಳ ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತ. ಕೊಳಾಯಿಗಳು ಬಂದು ಬೀದಿಯಲ್ಲಿ ಬಿದ್ದಿರುವಾಗ ಭದ್ರಾವತಿಯಲ್ಲಿ ವಿಚಾರಿಸುವುದೇನಿತ್ತು?

ಅವರು ಹೋದ ಮೂರನೆಯ ದಿನ ಮೋರಿ ಗುಡಿಸುವವಳು ಬಂದಳು. ನಮ್ಮ ಬೀದಿಯ ಕೆಳತುದಿಯಲ್ಲಿ ಒಂದು ಗಲ್ಲಿ ಒಳಗೆ ತಿರುಗುತ್ತದೆ. ಅಲ್ಲಿ ಮುನಿಸಿಪಾಲಿಟಿಯ ಗುಡಿಸುವವರು, ಚರ್ಮದ ಕೆಲಸದವರು, ಬೀದಿಯ ಯಾವ ಬಾವಿಯ ಹತ್ತಿರಕ್ಕೂ ಸೇರಿಸದ ಜನ ಇದ್ದರು. ಅವಳು ಆ ಗಲ್ಲಿಯವಳು, ಬಾಯಿ ಜೋರು. ಗುಂಡಿಗಳ ಮಣ್ಣೆಲ್ಲ ಮೋರಿಗೆ ಇಳಿದಿತ್ತು, ಅದನ್ನು ಎತ್ತಿ ಹಾಕುತ್ತ ತನ್ನಷ್ಟಕ್ಕೆ ಬೈದುಕೊಳ್ಳುತ್ತಿದ್ದಳು.

ಬೇಸರದಲ್ಲಿ ನಾನೇ ಕೇಳಿದೆ: "ನೀನೊಬ್ಬಳೇ ನೋಡು ನಮ್ಮ ಯಜಮಾನರ ಹತ್ತಿರ ಏನೂ ಕೇಳದೆ ಇರೋಳು. ನಿನಗೇನೂ ಬೇಡವೇನೇ?"

ಅವಳು ಸಲಿಕೆ ಊರಿ ನಿಂತಳು. "ಕೇಳಿ ಏನ್ಮಾಡ್ಲಿ ಅಮ್ಮಾವ್ರೇ? ಕಂದಾಯ ಕಟ್ಟೋರಿಗೆ ಓಟು, ಓಟಿರೋರಿಗೆ ನಲ್ಲಿ. ನಮಗೆ ಹೊಳೆ ಐತಲ್ಲ. ಹೋದ ಮಳೆಗಾಲ ನನ್ ಸೊಸೆ ಕೊಡ ಹೊತ್ಕೊಂಡು ಹೊಳೆ ಮೆಟ್ಲಲ್ಲಿ ಜಾರಿ ಬಿದ್ಲು. ಬಸುರಿ ಬೇರೆ. ಕೈ ಮುರೀತು, ಕೂಸೂ ಹೋಯ್ತು. ಇವತ್ತಿಗೂ ಆ ಕೈಯಲ್ಲಿ ಕೊಡ ಎತ್ತಾಕಾಗಲ್ಲ ಅವಳಿಗೆ."

ದಿನಾ ನಮ್ಮ ಹಿತ್ತಲ ಬಾಗಿಲಿಗೆ ಬರುವವಳು. ವರ್ಷವಾಗುತ್ತ ಬಂದಿದ್ದ ಈ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಹುಂಜದ ಅರ್ಜಿ ಮಾತ್ರ ಗೋಡೆಯ ಗೂಡಿನಲ್ಲಿ ಭದ್ರವಾಗಿತ್ತು. ಆ ಹೊತ್ತು ನನಗೆ ಯಾರ ಮೇಲೆ ಸಿಟ್ಟು ಬಂತೋ ಹೇಳಲಾರೆ. ಮಧ್ಯಾಹ್ನದ ರೈಲಿಗೆ ಭದ್ರಾವತಿಗೆ ಹೊರಟಿದ್ದ ಪಕ್ಕದ ಬೀದಿಯ ಅಜ್ಜಿಯೊಬ್ಬರ ಜೊತೆ ಮಾಡಿಕೊಂಡು, ಮನೆಗೆ ಬೀಗ ಹಾಕಿ ಹೊರಟೆ. ಗಂಡನನ್ನು ಹುಡುಕಿಕೊಂಡು ರೈಲು ಹತ್ತಿದ್ದು ಅದೇ ಮೊದಲು, ಅದೇ ಕೊನೆ.

ನಾದಿನಿಯ ಮನೆ ಕಾರ್ಖಾನೆಯ ಕ್ವಾರ್ಟರ್ಸಿನ ಸಾಲಿನಲ್ಲಿ. ಕಾರ್ಖಾನೆಯ ಹೊಗೆಯಿಂದ ಒಣಹಾಕಿದ ಬಟ್ಟೆಯ ಮೇಲೆಲ್ಲ ಸಣ್ಣ ಮಸಿ. ಅವರ ಸಾಲಿನ ತುದಿಯಲ್ಲಿ ಒಂದು ನಲ್ಲಿಯಿತ್ತು. ನಾನು ಹೋದ ಹೊತ್ತಿಗೆ ಅಲ್ಲಿ ಕೊಡಗಳ ಉದ್ದ ಸಾಲು, ಅದರ ಪಕ್ಕ ಜಗಳ. ಒಬ್ಬಳು ತಮಿಳಿನಲ್ಲಿ, ಒಬ್ಬಳು ತೆಲುಗಿನಲ್ಲಿ ಕೂಗಾಡುತ್ತಿದ್ದಳು, ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯುತ್ತಿರಲಿಲ್ಲವಾದರೂ ಜಗಳಕ್ಕೆ ಏನೂ ಅಡ್ಡಿಯಾಗಿರಲಿಲ್ಲ. ಯಾರು ಯಾರ ಕೊಡವನ್ನು ಹಿಂದೆ ತಳ್ಳಿದರು ಎಂಬುದಷ್ಟೇ ಅಲ್ಲಿನ ಪ್ರಶ್ನೆ.

ಒಳಗೆ ಹೋದರೆ ನಮ್ಮವರು ಪಡಸಾಲೆಯ ಚಾಪೆಯ ಮೇಲೆ ಆರಾಮಾಗಿ ಕೂತಿದ್ದರು. ಎದುರಿಗೆ ಕಾರ್ಖಾನೆಯ ನಾಲ್ಕೈದು ಜನ. ಯಾವುದೋ ಮೋರಿಯ ವಿಷಯ ಹೇಳಿಕೊಳ್ಳುತ್ತಿದ್ದರು. ನಮ್ಮವರು ತಲೆಯಾಡಿಸುತ್ತ, "ನೋಡೋಣ, ನೋಡೋಣ" ಎನ್ನುತ್ತಿದ್ದರು.

ನಾನು ಬಾಗಿಲಲ್ಲೇ ನಿಂತೆ. ಭದ್ರಾವತಿಯ ಮೋರಿಗೂ ಶಿವಮೊಗ್ಗದ ಮೆಂಬರಿಗೂ ಏನು ಸಂಬಂಧ?

ನಾದಿನಿ ಅಡುಗೆಮನೆಯಿಂದ ಬಂದು ನನ್ನ ಕೈ ಹಿಡಿದು, "ಅತ್ತಿಗೆ, ಮೂರು ದಿನದಿಂದ ಇದೇ ಆಗಿದೆ. ಅಣ್ಣನ್ನ ಕರ್ಕೊಂಡು ಹೋಗಿ ಪುಣ್ಯ ಕಟ್ಕೊಳ್ಳಿ" ಎಂದಳು.

ಮರುದಿನ ಬೆಳಗಿನ ರೈಲಿನಲ್ಲಿ ಹಿಂತಿರುಗಿದೆವು. ಡಬ್ಬಿಯಲ್ಲಿ ಹೆಚ್ಚು ಜನವಿರಲಿಲ್ಲ. ಎತ್ತು ಬಿದ್ದದ್ದು, ಗಾಡಿಯವನು ಬೈದದ್ದು, ಮೇಸ್ತ್ರಿ ಹೋದದ್ದು ಎಲ್ಲ ಒಂದೇ ಉಸಿರಿಗೆ ಹೇಳಿ, "ಒಬ್ಬರಿಗಾದ್ರೂ ಆಗಲ್ಲ ಅಂದಿದ್ರೆ ಮೂರು ಗುಂಡಿ ಬೀಳ್ತಿತ್ತೇ?" ಎಂದೆ.

ಅವರು ಕಿಟಕಿಯ ಕಡೆ ನೋಡುತ್ತಿದ್ದರು. "ಮೂರನೇ ಗುಂಡಿ ನಂದಲ್ಲವಲ್ಲ," ಎಂದರು ಮೆಲ್ಲಗೆ. "ಪಕ್ಕದ ಮನೆಯವರಿಗೆ ನಾನು ಮಾತು ಕೊಟ್ಟಿರಲಿಲ್ಲ."

ಅವರಿಗೆ ಯಾರೂ ಹೇಳಿರಲಿಲ್ಲ ಎಂದುಕೊಂಡಿದ್ದೆ, ಗೊತ್ತಿದ್ದೂ ಸುಮ್ಮನಿದ್ದರು. ಆಮೇಲೆ ನಾನು ಮೋರಿ ಗುಡಿಸುವವಳ ಸೊಸೆಯ ಮಾತು ಹೇಳಿದೆ. ಅವರು ತಿರುಗಿ ನೋಡಿದರು.

"ನನಗೆ ಗೊತ್ತೇ ಇರಲಿಲ್ಲ ಕಣೇ. ಆ ಗಲ್ಲಿಯಿಂದ ನನ್ನ ಹತ್ತಿರ ಯಾರೂ ಬರಲೇ ಇಲ್ಲವಲ್ಲ."

"ಬಂದಿದ್ರೆ ಎಲ್ಲಿ ಕೂರಿಸ್ತಿದ್ರಿ?" ಎಂದೆ.

ಚುಚ್ಚಬೇಕೆಂದು ಕೇಳಿದ್ದಲ್ಲ. ನನಗೂ ಉತ್ತರ ಗೊತ್ತಿರಲಿಲ್ಲ. ಅವರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಶಿವಮೊಗ್ಗ ಬರುವವರೆಗೂ ಅದರ ಜರಿಯಂಚನ್ನು ಬೆರಳಲ್ಲಿ ತಿಕ್ಕುತ್ತ ಕೂತಿದ್ದರು. ಸ್ಟೇಷನ್ನಿನಲ್ಲಿ ಇಳಿಯುವಾಗ, "ಗಲ್ಲಿಯ ಬಾಯಲ್ಲಿ ಹಾಕಿಸ್ತೀನಿ. ನಿನ್ನ ಗೆಳತಿಗೆ ನೀನು ಹೇಳಬೇಕು. ಉಳಿದವರಿಗೆ ನಾನು ಹೇಳ್ತೀನಿ" ಎಂದರು.

ಹೇಳಿದರು ಕೂಡ. ಅಂದು ಸಂಜೆ ಜವಳಿಯವರ ಮನೆಗೂ ಮಂಡಿಗೂ ತಾವೇ ನಡೆದು ಹೋಗಿ, ಆಗುವುದಿಲ್ಲ ಎಂದು ಹೇಳಿ ಬಂದರು. ಮನೆಗೆ ಬಂದಾಗ ಜ್ವರ ಬಂದವರ ಹಾಗೆ ಮುಖವೆಲ್ಲ ಕೆಂಪಾಗಿತ್ತು. ತಮ್ಮ ಮನೆಯ ಮುಂದೆ ಅಲ್ಲವಾದ್ದರಿಂದ ಶಿರಸ್ತೇದಾರರು ಸಂತೋಷಪಡಬೇಕಿತ್ತು. ಗಲ್ಲಿಯ ಬಾಯಿ ಎಂದು ಕೇಳಿದ ಮೇಲೆ ಅವರೇ ಎಲ್ಲರಿಗಿಂತ ಮುಂದೆ ನಿಂತು ಮುನಿಸಿಪಾಲಿಟಿಯ ಅಧ್ಯಕ್ಷರಿಗೆ ತಕರಾರು ಅರ್ಜಿ ಬರೆದರು. ಆ ಜನ ಮುಟ್ಟಿದ ನಲ್ಲಿಯಿಂದ ನಾವು ನೀರು ಹಿಡಿಯುವುದು ಹೇಗೆ ಎಂಬುದು ಅರ್ಜಿಯ ಸಾರ. ಸಭೆಯಲ್ಲಿ ನಮ್ಮವರು ಕೋರ್ಟಿನಲ್ಲಿ ವಾದಿಸುವ ಹಾಗೆಯೇ ವಾದಿಸಿದರಂತೆ. ಬಾವಿಯಿದ್ದವರ ಮನೆಗಳ ಹೆಸರನ್ನು ಒಂದೊಂದಾಗಿ ಓದಿ, ಇವರಲ್ಲಿ ಯಾರು ಹೊಳೆಗೆ ಹೋಗುತ್ತಾರೆ ಹೇಳಿ ಎಂದು ಕೇಳಿದರಂತೆ. ಅರ್ಜಿ ಬಿದ್ದುಹೋಯಿತು.

ನಾನು ಮಾತ್ರ ನನ್ನ ಪಾಲಿನ ಕೆಲಸ ಮಾಡಲಿಲ್ಲ. ಬೇಲಿಯವರೆಗೆ ಎರಡು ಸಲ ಹೋದೆ. ಒಂದು ಸಲ ಅವಳು ಹಗ್ಗ ಸೇದುತ್ತಿದ್ದಳು, ಆ ಹೊತ್ತಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಇನ್ನೊಂದು ಸಲ ಅವಳ ಅತ್ತೆ ಇದ್ದರು. ಅಷ್ಟರಲ್ಲಿ ಮೇಸ್ತ್ರಿ ಬಂದು ಅವಳ ಮನೆಯ ಮುಂದಿನ ಗುಂಡಿಯನ್ನು ಮುಚ್ಚಿಸತೊಡಗಿದ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ನಮ್ಮ ಮನೆಯ ಕಡೆ ನೋಡಿದಳು. ನಾನು ಕಿಟಕಿಯಿಂದ ಹಿಂದೆ ಸರಿದೆ. ಗಂಡನನ್ನು ಹೇಡಿಯೆಂದು ಭದ್ರಾವತಿಯವರೆಗೆ ಅಟ್ಟಿಸಿಕೊಂಡು ಹೋದವಳು ನಾನು.

ನಲ್ಲಿಗೆ ನೀರು ಬಿಟ್ಟ ದಿನ ಗಲ್ಲಿಯ ಹೆಂಗಸರೆಲ್ಲ ಕೊಡ ಹಿಡಿದು ದೂರದಲ್ಲೇ ನಿಂತಿದ್ದರು. ಯಾರೂ ಮುಂದೆ ಬರಲಿಲ್ಲ. ಮೋರಿ ಗುಡಿಸುವವಳು ನಮ್ಮ ಹಿತ್ತಲಿಗೆ ಬಂದು ಕರೆದಳು.

"ಮೊದಲು ನೀವು ಹಿಡೀರಿ ಅಮ್ಮಾವ್ರೇ. ನಾವು ಮೊದಲು ಮುಟ್ಟಿದ್ರೆ ನಾಳೆ ನಲ್ಲಿ ಇರಲ್ಲ, ನಮ್ ಗುಡಿಸ್ಲೂ ಇರಲ್ಲ."

ತಾಮ್ರದ ಕೊಡ ತೆಗೆದುಕೊಂಡು ಬೀದಿಯಲ್ಲಿ ನಡೆದೆ. ಎಷ್ಟು ಕಿಟಕಿಗಳಿಂದ ನನ್ನನ್ನು ನೋಡುತ್ತಿದ್ದರೋ. ಕೊಡ ತುಂಬಿಸಿ ಎತ್ತಿದೆ. ನನ್ನ ಹಿಂದೆ ಅವಳು ಹಿಡಿದಳು, ಅವಳ ಹಿಂದೆ ಸೊಸೆ ಎಡಗೈಯಲ್ಲಿ. ಮನೆಗೆ ಬಂದು ಆ ಕೊಡವನ್ನು ಎಲ್ಲಿ ಸುರಿಯಲಿ ಎಂದು ಅಡುಗೆಮನೆಯ ಹೊಸಲಲ್ಲಿ ನಿಂತುಬಿಟ್ಟೆ. ಧೈರ್ಯ ಅಷ್ಟು ದೂರ ಬಂದಿತ್ತು, ಒಳಗೆ ಬರಲಿಲ್ಲ. ಬಚ್ಚಲ ಹಂಡೆಗೆ ಸುರಿದೆ. ಆ ನೀರಿನಲ್ಲಿ ಅಡುಗೆ ಮಾಡಲು ನನಗೆ ಒಂದು ತಿಂಗಳ ಮೇಲೆಯೇ ಬೇಕಾಯಿತು.

ಆ ವರ್ಷ ಮಾವನವರ ಶ್ರಾದ್ಧಕ್ಕೆ ನಮ್ಮ ಪುರೋಹಿತರು ಬರಲಿಲ್ಲ, ಆರೋಗ್ಯ ಸರಿಯಿಲ್ಲ ಎಂದರು. ಅದೇ ದಿನ ಅವರು ಜವಳಿಯವರ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಹೊಳೆಹೊನ್ನೂರಿನಿಂದ ಒಬ್ಬರನ್ನು ಬೇಡಿ ಕರೆತಂದದ್ದಾಯಿತು. ಮುಂದಿನ ಬೇಸಿಗೆಗೆ ಬಾವಿಗಳು ಬಗ್ಗಡವಾದಾಗ ಮೇಲಿನ ತುದಿಯ ಹೆಂಗಸರೂ ನಲ್ಲಿಗೆ ಬಂದರು. ಹುಣಸೆಹಣ್ಣು ತಂದು ನಲ್ಲಿಯ ಮೂತಿಯನ್ನು ತಿಕ್ಕಿ ತೊಳೆದು ಆಮೇಲೆ ಹಿಡಿಯುತ್ತಿದ್ದರು. ಮೋರಿ ಗುಡಿಸುವವಳು ಸೊಂಟದ ಮೇಲೆ ಕೈಯಿಟ್ಟು ನಿಂತು, "ಚೆನ್ನಾಗಿ ತಿಕ್ಕಿ ತಾಯಿ, ನಮಗೂ ಫಳಫಳ ಅನ್ನೋ ನಲ್ಲಿ ಸಿಕ್ಕಂಗಾಯ್ತು" ಎನ್ನುತ್ತಿದ್ದಳು.

ನಮ್ಮವರು ಮುಂದಿನ ಚುನಾವಣೆಯಲ್ಲಿ ಸೋತರು. ಸೋಲದೆ ಇನ್ನೇನು? ನೀರು ಸಿಕ್ಕ ಗಲ್ಲಿಯಲ್ಲಿ ಒಂದು ಓಟೂ ಇರಲಿಲ್ಲ. ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಫಲಿತಾಂಶ ಕೇಳಿ ಬಂದು, ಉಂಡು, ಮಲಗಿ ಗೊರಕೆ ಹೊಡೆದರು. ಹೊಟ್ಟೆಯುರಿದದ್ದು ನನಗೆ. ಮೂರು ವರ್ಷ ಜಗಲಿಗೂ ಒಲೆಗೂ ನಡುವೆ ಓಡಿದವಳು ನಾನು, ಬೀದಿಯವರು ಬೇಡ ಎಂದದ್ದು ನನ್ನನ್ನೇ ಎನ್ನಿಸಿತು.

ಗೆಳತಿ ನನ್ನೊಡನೆ ಎರಡು ವರ್ಷ ಮಾತಾಡಲಿಲ್ಲ. ಬೇಲಿಯ ಆಚೆ ರಾಟೆ ಕಿರುಗುಟ್ಟುವುದು, ನಡುವೆ ನಿಲ್ಲುವುದು, ಮತ್ತೆ ಶುರುವಾಗುವುದು ದಿನಾ ಕೇಳುತ್ತಿತ್ತು. ಒಂದು ದಿನ ಸಹಿಸಲಾರದೆ, "ನಾನು ಸೇದಿ ಕೊಡ್ತೀನಿ ಕಣೇ" ಎಂದು ಕೂಗಿ ಹೇಳಿದೆ. ರಾಟೆ ನಿಂತಿತು. ಆಮೇಲೆ ಮತ್ತೆ ಕಿರುಗುಟ್ಟಿತು.

ಮೂರನೆಯ ವರ್ಷದ ಗೌರಿ ಹಬ್ಬಕ್ಕೆ ನಾನು ಕರೆಯಲು ಹೋಗಿರಲಿಲ್ಲ, ಹೋಗಲು ಮುಖವಿರಲಿಲ್ಲ. ಸಂಜೆ ಅವಳೇ ಬಂದಳು. ಹಣೆಗೆ ಕುಂಕುಮ ಇಡಿಸಿಕೊಂಡಳು, ಬಾಗಿನ ತೆಗೆದುಕೊಂಡಳು. ಹೊರಡುವಾಗ ಹೊಸಲಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದಳು:

"ನೀವು ಮಾಡಿದ್ದು ಸರಿ ಅಂತ ನಮ್ಮನೆಯವರು ಈಗ ಅಂತಾರೆ. ಸರಿ ಇರಬಹುದು. ಆದ್ರೆ ನೀನು ಬೇಲಿ ಹತ್ರ ಬಂದು ಒಂದು ಮಾತು ಹೇಳಬಹುದಿತ್ತು ಕಣೇ."

"ಹೇಳಬಹುದಿತ್ತು," ಎಂದೆ.

ಅವಳು ಬಾಗಿನದ ಮೊರವನ್ನು ಸೊಂಟಕ್ಕೆ ಆನಿಸಿಕೊಂಡು, ನೋವಿಗೆ ಸ್ವಲ್ಪ ಬಾಗಿ, ಮೆಟ್ಟಿಲಿಳಿದಳು. ನಾನು ಮೊರವನ್ನು ಇಸಿದುಕೊಂಡು ಅವಳ ಮನೆಯವರೆಗೆ ಜೊತೆಗೆ ನಡೆದೆ. ಅವಳು ಬೇಡ ಎನ್ನಲಿಲ್ಲ.